ಬಣ್ಣ ಮಾಸುವ ಮೊದಲೇ ರೊಕ್ಕ ಕೂಡಿಸಿದ್ದು

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್. ನಾನು ಸಂಘದ ಖಜಾಂಚಿ ಆದಾಗ ವಾಚ್‌ಮನ್ ಪಗಾರ, ಕರೆಂಟ್ ಬಿಲ್ಲು ಎಲ್ಲ ತಿಂಗಳ ಮೆಂಟೆನನ್ಸ್‌ನಲ್ಲೇ ನಡೆಯುತ್ತಿತ್ತು. ದೊಡ್ಡ ಖರ್ಚು ಬಂದರೆ ಮಾತ್ರ ಮನೆ ಮನೆಗೆ ಹೋಗಿ ಪಟ್ಟಿ ಎತ್ತಬೇಕು. ಇದು ನ್ಯಾಯ ಅಲ್ಲ ಅನಿಸಿತು. ಹತ್ತು ವರ್ಷ ಲಿಫ್ಟಿನಲ್ಲಿ ಓಡಾಡಿದವರು ಮನೆ ಮಾರಿ ಹೋಗುತ್ತಾರೆ. ಅದು ಕೆಟ್ಟು ನಿಂತಾಗ ಮೊನ್ನೆ ಬಂದವರ ಮೇಲೆ ಭಾರ. ಬಳಸಿದವರು ಬಳಸಿದಷ್ಟು ದಿನ ಕೊಡಬೇಕು, ಅಲ್ವಾ? ಅದಕ್ಕೇ ಸಿಂಕಿಂಗ್ ಫಂಡ್ ಬೇಕು, ಅಂದರೆ ಮುಂದಿನ ದೊಡ್ಡ ಖರ್ಚಿಗೆ ಈಗಿನಿಂದಲೇ ತಿಂಗಳು ತಿಂಗಳು ಕೂಡಿಸಿಡುವ ರೊಕ್ಕ.

ಪ್ಲಂಬರ್, ಇಲೆಕ್ಟ್ರಿಷಿಯನ್ ಇಬ್ಬರನ್ನೂ ಕರಕೊಂಡು ಟೆರೇಸಿನಿಂದ ಸಂಪ್‌ವರೆಗೆ ಸುತ್ತಿದೆ. ಒಂದೊಂದು ವಸ್ತುವೂ ಇನ್ನೆಷ್ಟು ವರ್ಷ ಬಾಳುತ್ತದೆ, ಇವತ್ತು ಬದಲಿಸಿದರೆ ಎಷ್ಟಾಗುತ್ತದೆ ಎಂದು ಕೇಳಿ ಬರೆದುಕೊಂಡೆ. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಬೆರಳು ಹೋಗುತ್ತಿತ್ತು. ನಳದ ನೀರು ದಿನಾ ಬರದ ಊರಲ್ಲಿ ಸಂಪ್ ಸೋರಿದರೆ ಕೇಳುವುದೇ ಬೇಡ. ಇವೆರಡನ್ನೂ ಪಟ್ಟಿಯ ಮೇಲಕ್ಕೆ ತಂದೆ.

ಲೆಕ್ಕ ಕಷ್ಟದ್ದಲ್ಲ. ಹೊರಗಿನ ಬಣ್ಣಕ್ಕೆ ಇವತ್ತು 6 ಲಕ್ಷ, ಐದು ವರ್ಷ ಬಿಟ್ಟು ಹಚ್ಚಿಸಬೇಕು ಅನ್ನಿ. ವರ್ಷಕ್ಕೆ ಶೇ. 6ರಂತೆ ದರ ಏರಿದರೆ ಆಗ ಸುಮಾರು 8 ಲಕ್ಷ. 60 ತಿಂಗಳು, 24 ಮನೆಗೆ ಹಂಚಿದರೆ ಒಂದು ಮನೆಗೆ ತಿಂಗಳಿಗೆ ಸರಾಸರಿ 555 ರೂಪಾಯಿ. ಸರಾಸರಿ ಅಂದೆ, ಯಾಕಂದರೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಲ್ಲಿ ಸಾಮಾನ್ಯ ಖರ್ಚನ್ನು ಅವರವರ ಅವಿಭಜಿತ ಪಾಲಿನಂತೆ, ಅಂದರೆ ಎಲ್ಲರಿಗೂ ಸೇರಿದ ಜಾಗದಲ್ಲಿ ಒಂದೊಂದು ಮನೆಗೆ ಇರುವ ಪಾಲಿನಂತೆ ಹಂಚುತ್ತಾರೆ. ದೊಡ್ಡ ಮನೆಗೆ ಜಾಸ್ತಿ.

ಮೀಟಿಂಗಿನಲ್ಲಿ ಒಬ್ಬ ಅಕ್ಕಾರು, "ಬಣ್ಣ ಇನ್ನೂ ಛಲೋ ಐತಲ್ರೀ ಸರ, ಈಗ್ಯಾಕ ರೊಕ್ಕ?" ಅಂದರು. ಈಗ ತಿಂಗಳಿಗೆ 555, ಇಲ್ಲಾಂದ್ರೆ ಆವಾಗ ಒಮ್ಮೆಗೇ 33 ಸಾವಿರದ ಮೇಲೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಅವರೇ ಮೊದಲು ಕೈ ಎತ್ತಿದರು.

ಈ ರೊಕ್ಕಕ್ಕೆ ಖಾತೆಯೇ ಬೇರೆ, ತೆಗೆಯಲು ಇಬ್ಬರ ಸಹಿ ಬೇಕು. ಯಾವ ಕೆಲಸ ಯಾವ ವರ್ಷವೋ ಆ ವರ್ಷಕ್ಕೆ ಮುಗಿಯುವಂತೆ ಎಫ್‌ಡಿ ಇಟ್ಟಿದ್ದೇವೆ. ಮನೆ ಮಾರಿದರೆ ಕೊಟ್ಟದ್ದು ವಾಪಸ್ ಇಲ್ಲ ಎಂದು ಠರಾವಿನಲ್ಲೇ ಬರೆಸಿದೆವು. ದರಗಳನ್ನು ಪ್ರತಿ ವರ್ಷ ಜನರಲ್ ಬಾಡಿ ಮೀಟಿಂಗಿಗೆ ಮೊದಲು ಹೊಸದಾಗಿ ಕೇಳಿ ತಿದ್ದುತ್ತೇನೆ.