ಬಾವಿ ಇಳಿಸದೆ ಉಪ್ಪು ಇಳಿಸಿದ್ದು

ಉತ್ತರ ಕನ್ನಡ ಕರಾವಳಿಯ ಅಘನಾಶಿನಿ ಹೊಳೆಯ ಹಿನ್ನೀರಿನ ಬದಿಯಲ್ಲಿ ಮನೆ ಇದ್ದವರಿಗೆ ಏಪ್ರಿಲ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಬಾವಿಯಲ್ಲಿ ನೀರಿರುತ್ತದೆ, ಆದರೆ ಉಪ್ಪಾಗಿ ಬಾಯಿಗಿಡಲು ಆಗುವುದಿಲ್ಲ. ಸೋಪು ನೊರೆ ಕೊಡುವುದಿಲ್ಲ, ಬೇಳೆ ಬೇಯುವುದಿಲ್ಲ. ನಮ್ಮಲ್ಲಿಗೆ ಮೇ ಬಂದರೆ ಟ್ಯಾಂಕರ್ ಬರುತ್ತಿತ್ತು. ಒಂದು ಲೋಡಿಗೆ ಏಳೆಂಟು ನೂರು, ಮಳೆ ಹಿಡಿಯುವವರೆಗೆ ಆರೇಳು ಲೋಡು. ಈಗ ಎರಡು ಬೇಸಿಗೆಯಿಂದ ಒಂದು ಲೋಡೂ ತರಿಸಿಲ್ಲ.

"ಇನ್ನೂ ನಾಲ್ಕಡಿ ಇಳಿಸು ಮಾರಾಯಾ, ಸುಮ್ನೆ ಯಾಕೆ ಒದ್ದಾಡ್ತೆ" ಅಂತ ಕೇರಿಯಲ್ಲಿ ಎಲ್ಲರದೂ ಒಂದೇ ಮಾತು. ಇಳಿಸಿದವರ ಬಾವಿಯ ನೀರು ಕುಡಿದು ನೋಡಿದ್ದೇನೆ. ಸಾಣಿಕಟ್ಟೆಯ ಉಪ್ಪಿನಾಗರಕ್ಕೆ ಬಿಡಬಹುದು, ಅಷ್ಟು ಉಪ್ಪು. ನಮ್ಮ ಮರಳು ನೆಲದಲ್ಲಿ ಸಿಹಿನೀರು ಹಗುರವಾಗಿ ಉಪ್ಪುನೀರಿನ ಮೇಲೆ ಕೂತಿರುತ್ತದೆ. ಮೇಲಿನದು ಒಂದಡಿ ಇಳಿದರೆ ಕೆಳಗಿನದು ನಲವತ್ತು ಅಡಿವರೆಗೂ ಏರಬಹುದು ಅಂತ ಒಂದು ಹಳೇ ಲೆಕ್ಕವಿದೆ. ಹೀಗಿರುವಾಗ ತಳ ಅಗೆದರೆ ಉಪ್ಪಿಗೆ ನಾವೇ ಬಾಗಿಲು ತೆಗೆದ ಹಾಗೆ, ಅಲ್ವಾ?

ಮೊದಲು ಮಾಡಿನ ಮಳೆನೀರನ್ನು ನೆಲಕ್ಕೆ ಇಳಿಸುವ ಇಂಗುಗುಂಡಿಗೆ ದುಡ್ಡು ಸುರಿದೆ. ಮಾಡಿನಂಚಿನ ನೀರು ಹಿಡಿಯುವ ದೋಣಿ, ಪೈಪು, ಜಲ್ಲಿ, ಇದ್ದಿಲು, ಕೂಲಿ ಸೇರಿ ಹದಿನಾಲ್ಕು ಸಾವಿರ ಆಗಿರಬೇಕು. ಒಂಬೈನೂರು ಚದರಡಿ ಹಂಚಿನ ಮಾಡು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಅಂತ ಹಿಡಿದರೂ ಎರಡೂವರೆ ಲಕ್ಷ ಲೀಟರ್ ಬೀಳುತ್ತದೆ. ಕಾಗದದ ಮೇಲೆ ಭಾರೀ ಚಂದ. ಆದರೆ ಜುಲೈಯಲ್ಲಿ ನಮ್ಮ ಬಾವಿ ಕಟ್ಟೆಯಿಂದ ಬಗ್ಗಿದರೆ ಕೈಗೆ ಸಿಗುವಷ್ಟು ತುಂಬಿರುತ್ತದೆ. ಅದರ ಮೇಲೆ ಇಂಗಿಸಿದ್ದೆಲ್ಲ ನವೆಂಬರ್ ಹೊತ್ತಿಗೆ ಹೊಳೆ ಸೇರಿ ಆಗಿರುತ್ತದೆ. ಶಿರಸಿ ಕಡೆಯ ನೆಂಟರ ಗುಡ್ಡದಲ್ಲಿ ಇದೇ ಗುಂಡಿ ಕೆಳಗಿನ ಬಾವಿಗೆ ಜೀವ ಕೊಟ್ಟಿದೆ, ನಾನೇ ನೋಡಿದ್ದೇನೆ. ನಮ್ಮ ಮರಳು ನೆಲದಲ್ಲಿ ಮೇ ತಿಂಗಳಿಗೆ ಅದರಿಂದ ಒಂದು ಕೊಡವೂ ಜಾಸ್ತಿ ಸಿಗಲಿಲ್ಲ.

ಆಮೇಲೆ ಎತ್ತುವ ಕಡೆ ತಲೆ ಹಾಕಿದೆ. ಬಾವಿ ಐದಡಿ ಅಗಲ. ಸಾವಿರ ಲೀಟರಿನ ಟ್ಯಾಂಕು ಒಮ್ಮೆ ತುಂಬಿಸಿದರೆ ನೀರು ಎರಡಡಿ ಹತ್ತಿರ ಇಳಿಯುತ್ತದೆ. ಮೇನಲ್ಲಿ ಇರುವುದೇ ನಾಲ್ಕಡಿ! ಒಂದು ಎಚ್‌ಪಿ ಮೋಟಾರು ಕಾಲು ಗಂಟೆಯಲ್ಲಿ ಅದರರ್ಧ ಎಳೆದುಬಿಡುತ್ತಿತ್ತು, ಅದೂ ಫುಟ್‌ವಾಲ್ (ಪೈಪಿನ ತುದಿಯಲ್ಲಿ ನೀರೆಳೆಯುವ ವಾಲ್) ತಳದಲ್ಲಿ, ಉಪ್ಪಿನ ಬಾಯಿಯಲ್ಲೇ. ಅದನ್ನು ಮಾರಿ ಅರ್ಧ ಎಚ್‌ಪಿ ತಂದೆ. ಮೇಲೆ ಎರಡು ಸಾವಿರ ಹೋಯಿತು. ತಳದ ಪೈಪು ತೆಗೆದು ಹಸಿರು ಹೋಸ್ ಹಾಕಿದೆ. ಅದರ ತುದಿಗೆ ಪ್ಲಾಸ್ಟಿಕ್ ಫುಟ್‌ವಾಲ್ ಕಟ್ಟಿ, ಇಪ್ಪತ್ತು ಲೀಟರಿನ ಖಾಲಿ ಕ್ಯಾನಿಗೆ ನೇತುಹಾಕಿದೆ. ನೀರು ಎಲ್ಲಿದೆಯೋ ಕ್ಯಾನು ಅಲ್ಲಿ, ಫುಟ್‌ವಾಲ್ ಅದರಿಂದ ಒಂದೂವರೆ ಅಡಿ ಕೆಳಗೆ.

ಕೇರಿಯವರು ನಕ್ಕರು. ಮೊದಲ ವರ್ಷ ನಗುವ ಹಾಗೇ ಆಗಿತ್ತು. ಕ್ಯಾನು ವಾಲಿ ಮೋಟಾರು ಗಾಳಿ ಎಳೆಯಿತು, ಸೀಲು ಸುಟ್ಟಿತು, ಎಂಟುನೂರು ಹೋಯಿತು. ಹೋಸು ಮಡಚಿಕೊಂಡು ನೀರೇ ಬರಲಿಲ್ಲ. ಕ್ಯಾನಿನೊಳಗೆ ಒಂದಿಷ್ಟು ಮರಳು ಹಾಕಿದ ಮೇಲೆ ನೆಟ್ಟಗೆ ನಿಂತಿತು. ಎಷ್ಟು ಮರಳು ಅನ್ನೋದು ನಿಮ್ಮ ಕ್ಯಾನು, ನಿಮ್ಮ ಫುಟ್‌ವಾಲ್ ನೋಡಿ. ಭರತ ಇಳಿತ ನೋಡಿ ಮೋಟಾರು ಹಾಕುವ ಹೊತ್ತೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಾವಿಯಿಂದ ಬಾವಿಗೆ ಬೇರೆ, ನೀವೇ ಕೂತು ನೋಡಿದರೆ ಸಿಗುತ್ತದೆ.

ಈಗ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎತ್ತುವುದು. ದಿನಕ್ಕೆ ಐನೂರು ಲೀಟರ್ ಸುಮಾರು. ಮೊದಲು ಸಾವಿರದೈನೂರು ಇತ್ತು. ಅದರಲ್ಲಿ ಅರ್ಧಕ್ಕೂ ಜಾಸ್ತಿ ತೆಂಗಿಗೇ ಹೋಗುತ್ತಿತ್ತು. ಈಗ ತೆಂಗಿಗೆ ಬಾವಿ ನೀರು ಬಂದ್. ಬುಡದ ಸುತ್ತ ಸಿಪ್ಪೆಯನ್ನು ಅಂಗಾತ ಹೂತು ಬಚ್ಚಲ ನೀರು ತಿರುಗಿಸಿದ್ದೇನೆ. ಕಾಯಿ ಕಡಿಮೆಯಾಗಿಲ್ಲ. ಫ್ಲಶ್ ಟ್ಯಾಂಕಿನೊಳಗೆ ನೀರು ತುಂಬಿದ ಒಂದು ಲೀಟರಿನ ಬಾಟಲಿ ಇಟ್ಟಿದ್ದೇನೆ. ಖರ್ಚು ಸೊನ್ನೆ, ಪ್ರತಿ ಸಲಕ್ಕೂ ಒಂದು ಲೀಟರ್ ಉಳಿತಾಯ. ಷವರ್ ಬಿಚ್ಚಿಸಿದ್ದಕ್ಕೆ ಮಗ ಇನ್ನೂ ಸಿಟ್ಟಿನಲ್ಲಿದ್ದಾನೆ.

ನಡುವೆ ಬಸಳೆ ಮೇಲೂ ಒಂದು ಪ್ರಯೋಗ ಮಾಡಿದೆ. ಒಂದು ಚಪ್ಪರಕ್ಕೆ ಸ್ನಾನದ ನೀರು, ಇನ್ನೊಂದಕ್ಕೆ ವಾಷಿಂಗ್ ಮಷಿನ್ ನೀರು. ಮಷಿನ್ ನೀರಿನ ಬಸಳೆಗೆ ಎಲೆ ಅಂಚು ಸುಟ್ಟಿತು. ಕೊನೆಯ ಜಾಲಿಸಿದ ನೀರು ಮಾತ್ರ ಹಾಕಿದರೆ ತೊಂದರೆ ಇಲ್ಲ. ಅದರಲ್ಲೇ ನೆಲವನ್ನೂ ಒರೆಸುತ್ತೇವೆ. ಸ್ನಾನದ ನೀರಿನ ಬಸಳೆ ಮಾತ್ರ ಮೇ ಕೊನೆವರೆಗೂ ಸಾರಿಗೆ ಬಂತು.

ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಅಂತ ತೋರಿಸುವ, ಮುನ್ನೂರು ರೂಪಾಯಿಯ ಟಿಡಿಎಸ್ ಮೀಟರ್ ಒಂದಿದೆ. ಮೊದಲು ಮೇ ತಿಂಗಳಲ್ಲಿ ಸಾವಿರದೆಂಟುನೂರರ ಆಸುಪಾಸು ತೋರಿಸುತ್ತಿತ್ತು. ಕಳೆದ ಮೇನಲ್ಲಿ ಆರುನೂರು ದಾಟಲಿಲ್ಲ. ಐನೂರರೊಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ ಎರಡು ಸಾವಿರದವರೆಗೆ ಅನ್ನುತ್ತದೆ ಸರ್ಕಾರಿ ಮಾನದಂಡ. ಅಮ್ಮನಿಗೆ ಮೀಟರ್ ಬೇಡ, ಬೇಳೆ ಬೆಂದರೆ ಸಾಕು. ಬೇಯುತ್ತಿದೆ.

ಇಂಗುಗುಂಡಿ ಬಿಟ್ಟರೆ ಒಟ್ಟು ನಾಲ್ಕು ಸಾವಿರದ ಒಳಗೆ ಮುಗಿದಿದೆ. "ನಾಲ್ಕಡಿ ಇಳಿಸು" ಅಂದಿದ್ದವರು ಮೊನ್ನೆ ಕ್ಯಾನಿನ ಅಳತೆ ಕೇಳಿಕೊಂಡು ಹೋದರು. ಕಟ್ಟಲು ನೈಲಾನ್ ಹಗ್ಗವೇ ತರಲು ಹೇಳಿದ್ದೇನೆ. ಹಗ್ಗ ಸಡಿಲಾದರೆ ಫುಟ್‌ವಾಲ್ ಮತ್ತೆ ತಳಕ್ಕಿಳಿಯುತ್ತದೆ.