ಡ್ರಗ್ ಚಾರ್ಟ್ ತೆರೆಯುವ ಮುನ್ನ: ಇಂಗ್ಲೆಂಡಿನ ವಾರ್ಡುಗಳಲ್ಲಿ ಔಷಧ ಬರವಣಿಗೆಯ ಅಧ್ಯಯನ

ಫಾರ್ಮಕಾಲಜಿಯಲ್ಲಿ ಎಂ.ಡಿ. ಮಾಡಿಯೋ ಫಾರ್ಮ್‌ಡಿ ಮುಗಿಸಿಯೋ ಇಂಗ್ಲೆಂಡಿಗೆ ಬಂದವರಲ್ಲಿ ಅನೇಕರು ಮೊದಲು ಕೈಹಾಕುವುದು ಇದಕ್ಕೇ: ವಾರ್ಡಿನಲ್ಲಿರುವ ರೋಗಿಗಳಿಗೆ ಡಾಕ್ಟರುಗಳು ಔಷಧ ಹೇಗೆ ಬರೆಯುತ್ತಾರೆ. ಲ್ಯಾಬ್ ಬೇಡ, ಯಾರಿಗೂ ಸೂಜಿ ಚುಚ್ಚಬೇಕಿಲ್ಲ, ಡ್ರಗ್ ಚಾರ್ಟ್, ಅಂದರೆ ರೋಗಿಗೆ ಬರೆದ ಔಷಧಗಳ ಹಾಳೆ, ಓದಿದರಾಯಿತು ಎಂಬ ಲೆಕ್ಕ. ಎಡವುವುದು ಆ ‘ಓದಿದರಾಯಿತು’ ಎನ್ನುವಲ್ಲೇ.

ಹೆಸರಿನ ವಿಚಾರ ಮೊದಲು ಬಗೆಹರಿಯಲಿ. ಈಗಾಗಲೇ ಇರುವ ಮಾನದಂಡಕ್ಕೆ ಹೋಲಿಸಿ ಅಳೆದರೆ ಅದು ಕ್ಲಿನಿಕಲ್ ಆಡಿಟ್. ಆ್ಯಂಟಿಬಯಾಟಿಕ್‌ಗೆ ಕಾರಣ ಬರೆದಿದ್ದಾರೆಯೇ, 48ರಿಂದ 72 ಗಂಟೆಯೊಳಗೆ ಮರುಪರಿಶೀಲಿಸಿದ್ದಾರೆಯೇ ಎಂದು ನೋಡುವುದು ಈ ಜಾತಿಯದು. ಈ ಆಸ್ಪತ್ರೆಯಲ್ಲಿ ಸದ್ಯ ಹೇಗೆ ನಡೆಯುತ್ತಿದೆ ಎಂದಷ್ಟೇ ನೋಡಿದರೆ ಸರ್ವಿಸ್ ಇವ್ಯಾಲ್ಯುಯೇಶನ್. ಬೇರೆಡೆಗೂ ಅನ್ವಯಿಸುವ ಹೊಸ ತಿಳಿವಳಿಕೆ ಬೇಕೆಂದರೆ ಮಾತ್ರ ರಿಸರ್ಚ್. ಹೆಲ್ತ್ ರಿಸರ್ಚ್ ಅಥಾರಿಟಿಯ (ಎಚ್‌ಆರ್‌ಎ) ಜಾಲತಾಣದಲ್ಲಿ ಇದನ್ನು ತೀರ್ಮಾನಿಸುವ ಪ್ರಶ್ನಾವಳಿ ಇದೆ. ಉತ್ತರಿಸಿ, ಫಲಿತಾಂಶದ ಪುಟವನ್ನು ದಿನಾಂಕ ಸಮೇತ ಉಳಿಸಿಕೊಳ್ಳಿ. ಪ್ರಕಟಣೆಯ ಹೊತ್ತಿಗೆ ಸಂಪಾದಕರು ಕೇಳಿದರೆ ತೋರಿಸಲು ಅದು ಬೇಕಾಗುತ್ತದೆ. ಆಡಿಟ್ ಆದರೆ ಆಸ್ಪತ್ರೆಯ ಆಡಿಟ್ ವಿಭಾಗದಲ್ಲಿ ನೋಂದಾಯಿಸಿದರೆ ಬಹುಪಾಲು ದಾರಿ ಸುಗಮ. ರಿಸರ್ಚ್ ಆದರೆ ಐರಾಸ್ ಎಂಬ ಆನ್‌ಲೈನ್ ಅರ್ಜಿ, ಸ್ಪಾನ್ಸರ್ (ಅಧ್ಯಯನದ ಹೊಣೆ ಹೊರುವ ಸಂಸ್ಥೆ), ಎಚ್‌ಆರ್‌ಎ ಒಪ್ಪಿಗೆ. ಆಡಿಟ್ ಎಂದು ಶುರುಮಾಡಿ ಕೊನೆಗೆ ರಿಸರ್ಚ್ ಎಂದು ಬಣ್ಣ ಬದಲಿಸಲು ಹೋಗಬೇಡಿ. ಮುಗಿದುಹೋದ ಕೆಲಸಕ್ಕೆ ಇಲ್ಲಿನ ಎಥಿಕ್ಸ್ ಸಮಿತಿ ಹಿಂದಿನ ತಾರೀಖಿನಿಂದ ಒಪ್ಪಿಗೆ ಕೊಡುವುದಿಲ್ಲ.

ಇನ್ನು ದುಡ್ಡು, ಸಮಯ ಎರಡನ್ನೂ ನುಂಗುವ ಗುಂಡಿ. ‘ರೋಗಿಯ ಹೆಸರು ಬರೆದುಕೊಳ್ಳುವುದಿಲ್ಲ, ಆದ್ದರಿಂದ ಅನಾಮಧೇಯ ದತ್ತಾಂಶ’ ಎಂದು ಹೊಸಬರು ಅರ್ಜಿಯಲ್ಲಿ ಬರೆಯುತ್ತಾರೆ. ಆದರೆ ಹೆಸರಿರುವ ಚಾರ್ಟನ್ನು ನೀವು ತೆರೆದ ಕ್ಷಣವೇ ಗೋಪ್ಯ ಮಾಹಿತಿ ಹೊರಗಿನವರ ಕಣ್ಣಿಗೆ ಬಿದ್ದಂತೆ. ಏನನ್ನು ಬರೆದುಕೊಂಡಿರಿ ಎನ್ನುವುದು ಆಮೇಲಿನ ಮಾತು. ರೋಗಿಯ ಆರೈಕೆಯ ತಂಡದವರು ನೋಡಬಹುದು. ವಿಶ್ವವಿದ್ಯಾಲಯದಿಂದ ಬಂದ ಸಂಶೋಧಕರು ನೋಡುವಂತಿಲ್ಲ. ಕ್ಲಿನಿಕಲ್ ಅಟ್ಯಾಚ್‌ಮೆಂಟಿಗೆ ಬಂದ ಡಾಕ್ಟರೂ ಅಲ್ಲಿ ವೀಕ್ಷಕರೇ ಹೊರತು ತಂಡದವರಲ್ಲ. ನಮ್ಮಲ್ಲಿ ಗೈಡ್ ಸಹಿ ಹಾಕಿದ ಪತ್ರ ಹಿಡಿದು ರೆಕಾರ್ಡ್ ರೂಮಿಗೆ ಹೋದ ಅಭ್ಯಾಸ ಇಲ್ಲಿ ಮುಳುವಾಗುತ್ತದೆ. ಎಲೆಕ್ಟ್ರಾನಿಕ್ ಚಾರ್ಟಿನಲ್ಲಿ ಯಾರ ಲಾಗಿನ್ ಎಷ್ಟು ಹೊತ್ತಿಗೆ ಏನನ್ನು ತೆರೆಯಿತು ಎಂಬುದು ದಾಖಲಾಗುತ್ತದೆ. ಗೆಳೆಯನ ಕಾರ್ಡ್ ಬಳಸಿದರೆ ಅವನ ಕೆಲಸಕ್ಕೂ ಸಂಚಕಾರ.

ಬಿಡುಗಡೆಯ ದಾರಿ ಮೂರು. ರೋಗಿಯ ಒಪ್ಪಿಗೆ ಪಡೆಯುವುದು ಒಂದು. ಇನ್ನೊಂದು, 2006ರ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಕಾಯ್ದೆಯ 251ನೇ ಸೆಕ್ಷನ್ ಅಡಿ, ಒಪ್ಪಿಗೆಯಿಲ್ಲದೆ ಗೋಪ್ಯ ಮಾಹಿತಿ ಬಳಸುವ ಕೋರಿಕೆಗಳನ್ನು ಪರಿಶೀಲಿಸುವ ಕಾನ್ಫಿಡೆನ್ಶಿಯಾಲಿಟಿ ಅಡ್ವೈಸರಿ ಗ್ರೂಪಿಗೆ ಅರ್ಜಿ. ಇದನ್ನು ಹಿಡಿದರೆ ನ್ಯಾಷನಲ್ ಡೇಟಾ ಆಪ್ಟ್‌ಔಟ್ ಆರಿಸಿಕೊಂಡವರನ್ನು, ಅಂದರೆ ತಮ್ಮ ಮಾಹಿತಿ ಸಂಶೋಧನೆಗೆ ಬೇಡ ಎಂದವರನ್ನು, ಸಾಮಾನ್ಯವಾಗಿ ಪಟ್ಟಿಯಿಂದ ತೆಗೆಯಬೇಕು. ಮೂರನೆಯದೇ ಜಾಣತನ: ವಾರ್ಡಿನ ಫಾರ್ಮಸಿಸ್ಟ್ ದತ್ತಾಂಶ ತೆಗೆದು, ಹೆಸರು, ಆಸ್ಪತ್ರೆ ಸಂಖ್ಯೆ, ಜನ್ಮದಿನಾಂಕ ಅಳಿಸಿ ನಿಮಗೆ ಕೊಡಲಿ. ಜನ್ಮದಿನಾಂಕದ ಬದಲು ವಯಸ್ಸು ಕೇಳಿ. ಅಪರೂಪದ ಔಷಧ, ವಾರ್ಡ್, ದಾಖಲಾದ ದಿನ ಮೂರೂ ಒಟ್ಟಿಗಿದ್ದರೆ ಹೆಸರಿಲ್ಲದೆಯೂ ರೋಗಿ ಯಾರೆಂದು ಗೊತ್ತಾಗುತ್ತದೆ. ಫಾರ್ಮಸಿಸ್ಟರ ಸಮಯಕ್ಕೆ ಬಜೆಟ್ಟಿನಲ್ಲಿ ಹಣ ಇಡಿ, ಪುಕ್ಕಟೆಯಾಗಿ ಯಾರೂ ಮಾಡುವುದಿಲ್ಲ.

ಗಡಿಯಾರದ ಮೇಲೂ ಕಣ್ಣಿರಲಿ. ಎಥಿಕ್ಸ್ ಸಮಿತಿಯ ತೀರ್ಮಾನಕ್ಕೆ 60 ದಿನಗಳ ಮಿತಿ ಇದೆ. ಸಮಿತಿ ಪ್ರಶ್ನೆ ಕೇಳಿದರೆ ನೀವು ಉತ್ತರಿಸುವ ತನಕ ಎಣಿಕೆ ನಿಲ್ಲುತ್ತದೆ. ಒಂದು ವರ್ಷದ ಮಾಸ್ಟರ್ಸ್‌ನಲ್ಲಿ ಇಷ್ಟು ಕಾದರೆ ಪ್ರಬಂಧ ಮುಂದಿನ ವರ್ಷಕ್ಕೆ ಜಾರಿ, ವೀಸಾ ಬೆನ್ನಟ್ಟುತ್ತದೆ. ಮೇಲಾಗಿ 2021ರಿಂದ ಪದವಿ ಮತ್ತು ಮಾಸ್ಟರ್ಸ್ ವಿದ್ಯಾರ್ಥಿಗಳ ಅರ್ಜಿಗೆ ಎಚ್‌ಆರ್‌ಎ ಮಿತಿ ಹಾಕಿದೆ. ಡಾಕ್ಟರುಗಳನ್ನೇ ಸಂದರ್ಶಿಸುವ ರಿಸರ್ಚಿಗೆ ಎನ್‌ಎಚ್‌ಎಸ್ ಎಥಿಕ್ಸ್ ಸಮಿತಿ ಸಾಮಾನ್ಯವಾಗಿ ಬೇಕಿಲ್ಲ. ಎಚ್‌ಆರ್‌ಎ ಒಪ್ಪಿಗೆ ಮಾತ್ರ ಆಗಲೂ ಬೇಕು, ಬರೀ ವಿಶ್ವವಿದ್ಯಾಲಯದ ಪತ್ರ ಸಾಲದು. ಕಿರಿಕಿರಿ ಹೌದು, ಆದರೂ ಹತ್ತು ಆಸ್ಪತ್ರೆಗೆ ಹತ್ತು ಎಥಿಕ್ಸ್ ಸಮಿತಿಗಳ ಬಾಗಿಲು ತಟ್ಟುವುದಕ್ಕಿಂತ ಒಂದೇ ಅರ್ಜಿಯ ಈ ಪದ್ಧತಿ ವಾಸಿ.

ದತ್ತಾಂಶ ಕೈಗೆ ಬಂದಮೇಲೆ ಇನ್ನೊಂದು ಹಳೆಯ ಚಾಳಿ ಬಿಡಬೇಕು. ನಮ್ಮ ಕಾಲೇಜುಗಳಲ್ಲಿ ಕಲಿತ ಡಬ್ಲ್ಯೂಎಚ್‌ಒ ಪ್ರಿಸ್ಕ್ರೈಬಿಂಗ್ ಸೂಚಕಗಳು (ಔಷಧ ಬರವಣಿಗೆಯನ್ನು ಅಳೆಯುವ ಲೆಕ್ಕಗಳು) ಹೊರರೋಗಿಗಳಿಗಾಗಿ ರೂಪಿಸಿದವು. ಜೆನೆರಿಕ್ ಹೆಸರಲ್ಲೇ ಬರೆಯುವುದು ರೂಢಿಯಾಗಿರುವ ದೇಶದಲ್ಲಿ ‘ಜೆನೆರಿಕ್ ಶೇಕಡಾ ಎಷ್ಟು’ ಎಂದು ಎಣಿಸಿ ಏನು ಸಿಕ್ಕೀತು? ಇಲ್ಲಿ ಎಣಿಕೆಯ ಘಟಕ ಒಂದೊಂದು ಔಷಧದ ಆರ್ಡರ್. 2009ರಲ್ಲಿ ಜಿಎಂಸಿಗೆ (ಬ್ರಿಟನ್ನಿನ ಡಾಕ್ಟರುಗಳ ನೋಂದಣಿ ಮಂಡಳಿ) ಸಲ್ಲಿಕೆಯಾದ ಈಕ್ವಿಪ್ ಅಧ್ಯಯನ 19 ಆಸ್ಪತ್ರೆಗಳಲ್ಲಿ 1,24,260 ಆರ್ಡರ್ ನೋಡಿ 11,077 ದೋಷ ಎಣಿಸಿತು, ಅಂದರೆ ಶೇ 8.9. ದೋಷಗಳನ್ನು ಗುರುತಿಸಿದವರು ಆಯಾ ಆಸ್ಪತ್ರೆಯ ಫಾರ್ಮಸಿಸ್ಟರೇ ಎಂಬುದನ್ನೂ ಗಮನಿಸಿ.

ಚಾರ್ಟ್ ತುಂಬಿ ಹೊಸದಕ್ಕೆ ನಕಲು ಮಾಡಿದಾಗ ಅದೇ ಆರ್ಡರ್ ಎರಡು ಸಲ ಎಣಿಕೆಗೆ ಸಿಗುತ್ತದೆ. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಡ್ರಿಪ್‌ಗಳಿಗೆ ಬೇರೆ ಹಾಳೆ ಇರುವ ಕಡೆ ಅವು ಬಿಟ್ಟೇ ಹೋಗುತ್ತವೆ. ಬರೆದವರೆಲ್ಲ ಡಾಕ್ಟರುಗಳೂ ಅಲ್ಲ; ಅರ್ಹತೆ ಪಡೆದ ನರ್ಸ್, ಫಾರ್ಮಸಿಸ್ಟ್ ಕೂಡ ಬರೆಯುತ್ತಾರೆ. ಅದಕ್ಕೊಂದು ಕಾಲಂ ಇರಲಿ.

ಪ್ರೋಟೋಕಾಲ್‌ನಲ್ಲಿ (ಅಧ್ಯಯನದ ಲಿಖಿತ ಯೋಜನೆ) ಇನ್ನೊಂದು ಸಾಲು ತಪ್ಪದೆ ಸೇರಿಸಿ: ಪೆನ್ಸಿಲಿನ್ ಅಲರ್ಜಿ ಇರುವವರಿಗೆ ಪೆನ್ಸಿಲಿನ್ ಬರೆದದ್ದು ಕಣ್ಣಿಗೆ ಬಿದ್ದರೆ ಯಾರಿಗೆ, ಎಷ್ಟು ನಿಮಿಷದೊಳಗೆ ಹೇಳುತ್ತೀರಿ, ಆ ಆರ್ಡರನ್ನು ಲೆಕ್ಕಕ್ಕೆ ಹಿಡಿಯುತ್ತೀರೋ ಇಲ್ಲವೋ.