ಅಡಿಕೆ ಸಸಿ, ಒಂಬತ್ತರ ಗುಟ್ಟು ಮತ್ತು ಲಿಂಗನಮಕ್ಕಿಯ 1819

ಹೊಸನಗರದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ಸಸಿ ನರ್ಸರಿ. ಲೆಕ್ಕಕ್ಕೂ ನನಗೂ ಇದ್ದ ಜಗಳ ಎಸ್ಸೆಸ್ಸೆಲ್ಸಿಯಲ್ಲೇ ಮುಗಿದಿತ್ತು, ಮೂವತ್ತೈದು ಮಾರ್ಕಿಗೆ ರಾಜಿಯಾಗಿ. ಹೋದ ಮಳೆಗಾಲದಲ್ಲಿ ಆರನೇ ಕ್ಲಾಸಿನ ಮಗಳು ಪುಸ್ತಕ ಹಿಡಿದು ಬಂದಳು. "ಅಪ್ಪಯ್ಯ, ಅಪವರ್ತನ ಯಾವುದು, ಅಪವರ್ತ್ಯ ಯಾವುದು?"

ಅವಳದ್ದೇನೂ ತಪ್ಪಿಲ್ಲ. ಎರಡೂ ಅವಳಿಜವಳಿ ಪದಗಳು. ನನಗೂ ಗೊತ್ತಾಗಲಿಲ್ಲ. ಸುಮ್ನೆ ನರ್ಸರಿಗೆ ಕರೆದುಕೊಂಡು ಹೋದೆ. 60 ಸಸಿ ಚೀಲ ಎಣಿಸಿ ಕೊಟ್ಟು, "ಎಲ್ಲಾ ಸಾಲೂ ಸಮ ಬರೋ ಹಾಗೆ ಜೋಡಿಸು" ಅಂದೆ. ಎರಡು ಸಾಲಲ್ಲಿ ಬಂತು. ಮೂರು, ನಾಲ್ಕು, ಐದು, ಆರರಲ್ಲೂ ಬಂತು. ಏಳು ಸಾಲು ಮಾಡಿದರೆ ನಾಲ್ಕು ಚೀಲ ಉಳಿದವು. ಉಳಿಯದ ಹಾಗೆ ಬಂದ ಸಾಲುಗಳ ಲೆಕ್ಕವೇ ಅಪವರ್ತನ. ಸಸಿ ಕಳಿಸುವ ಕ್ರೇಟಿಗೆ 12 ಚೀಲ ಹಿಡಿಯುತ್ತೆ. ಒಂದು ಕ್ರೇಟಿಗೆ 12, ಎರಡಕ್ಕೆ 24, ಮೂರಕ್ಕೆ 36. ಅವು 12ರ ಅಪವರ್ತ್ಯ. 60ಕ್ಕೆ ಒಟ್ಟು ಹನ್ನೆರಡೇ ಅಪವರ್ತನ, ಅಲ್ಲಿಗೆ ಮುಗಿದುಹೋಯಿತು. ಅಪವರ್ತ್ಯಕ್ಕೆ ಕೊನೆಯೇ ಇಲ್ಲ, ಕ್ರೇಟು ಸಿಗೋವರೆಗೂ ಹೇಳ್ತಾ ಹೋಗಬಹುದು.

ಅಲ್ಲೇ ಇನ್ನೊಂದು ವಿಷಯ ಕಂಡಿತು. ಆರು ಸಾಲಿನಲ್ಲಿ ಹತ್ತತ್ತು ಚೀಲ ಇಟ್ಟಿದ್ದಳು. ನಾನು ಪಕ್ಕದಿಂದ ನೋಡುತ್ತಿದ್ದೆ, ನನಗೆ ಹತ್ತು ಸಾಲು, ಆರಾರು ಚೀಲ! ಅಂದರೆ ಅಪವರ್ತನಗಳು ಜೋಡಿ ಜೋಡಿಯಾಗಿ ಬರುತ್ತವೆ. ಎಂಟೆಂಟ್ಲೆ 64, ಅದು 60ನ್ನು ದಾಟಿತು. ಹಾಗಾಗಿ ಏಳರವರೆಗೆ ನೋಡಿದರೆ ಸಾಕು. ಆಮೇಲೆ ಸಿಗುವುದೆಲ್ಲ ಮೊದಲೇ ಸಿಕ್ಕಿದ್ದರ ಜೋಡಿಯೇ.

ಒಂಬತ್ತರಿಂದ ಭಾಗ ಹೋಗುತ್ತಾ ಅಂತ ನೋಡೋಕೆ ಅಂಕಿ ಕೂಡಿಸುವುದು ನನಗೂ ಬಾಯಿಪಾಠ ಇತ್ತು. ಯಾಕೆ ಅಂತ ಮಗಳು ಕೇಳಿದಾಗ ಬಾಯಿ ಕಟ್ಟಿತು. ರಾತ್ರಿ ಜಗುಲಿಯಲ್ಲಿ ಗೋಟಡಿಕೆ ಚೀಲ ಬಿಚ್ಚಿದೆ. ("ಮಾರೋಕೆ ಇಟ್ಟಿದ್ದು, ಆಟಕ್ಕಲ್ಲ" ಅಂತ ಒಳಗಿನಿಂದ ಮಾತು ಬಂತು.) 234 ಅಡಿಕೆ ಎಣಿಸಿದೆವು. ನೂರರ ರಾಶಿ ಎರಡು, ಹತ್ತರ ರಾಶಿ ಮೂರು, ಬಿಡಿ ನಾಲ್ಕು. ಒಂದೊಂದು ರಾಶಿಯಿಂದ ಒಂದೊಂದೇ ಅಡಿಕೆ ತೆಗೆದು ಅವಳ ಕೈಗೆ ಹಾಕಿದೆ. ರಾಶಿಗಳಲ್ಲಿ 99, 99, 9, 9, 9 ಉಳಿಯಿತು. ಅವೆಲ್ಲ ಹೇಗೂ ಒಂಬತ್ತರ ಪಾಲಾಗುತ್ತವೆ. ಕೈಯಲ್ಲಿ ಎರಡು, ಮೂರು, ಜೊತೆಗೆ ಬಿಡಿ ನಾಲ್ಕು. ಒಟ್ಟು ಒಂಬತ್ತು! ಅಂಕಿ ಕೂಡಿಸುವುದು ಅಂದರೆ ಕೈಯಲ್ಲಿ ಉಳಿದದ್ದನ್ನು ಎಣಿಸುವುದು, ಅಷ್ಟೇ ಅಲ್ವಾ? ಇನ್ನೊಂದು ಅಡಿಕೆ ಸೇರಿಸಿ 235 ಮಾಡಿದೆ. ಕೈಯಲ್ಲಿ ಹತ್ತಾಯಿತು, ಭಾಗ ಹೋಗಿ ಒಂದು ಉಳಿಯಿತು. 99, 9 ಎಲ್ಲ ಮೂರರ ಪಾಲಾಗುವುದರಿಂದ ಮೂರಕ್ಕೂ ಇದೇ ಲೆಕ್ಕ. ಮೂವತ್ತು ವರ್ಷ ಇದನ್ನ ಮಂತ್ರದ ಹಾಗೆ ಹೇಳಿಕೊಂಡು ಬಂದಿದ್ದೆ.

ಹುರುಪು ಜಾಸ್ತಿಯಾಗಿ ಒಂದು ಎಡವಟ್ಟೂ ಮಾಡಿದೆ. 2 ಮತ್ತು 3ರಿಂದ ಭಾಗ ಹೋದರೆ 6ರಿಂದಲೂ ಹೋಗುತ್ತೆ, ಸರಿ. ಹಾಗೇ 2 ಮತ್ತು 4ರಿಂದ ಹೋದರೆ 8ರಿಂದಲೂ ಹೋಗುತ್ತೆ ಅಂದುಬಿಟ್ಟೆ. ಮಗಳು ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ 12?" ಅಂದಳು. ನಾಲ್ಕರ ಹೊಟ್ಟೆಯಲ್ಲೇ ಎರಡು ಇದೆ, ಅದನ್ನೇ ಮತ್ತೆ ಲೆಕ್ಕಕ್ಕೆ ಹಿಡಿದಿದ್ದೆ. ಎಂಟಕ್ಕೆ ಕೊನೆಯ ಮೂರು ಅಂಕಿ ನೋಡಬೇಕು, ಯಾಕೆಂದರೆ ಸಾವಿರ ಎಂಟರ ಪಾಲಾಗುತ್ತೆ. ನಾಲ್ಕಕ್ಕಾದರೆ ಕೊನೆಯ ಎರಡೇ ಸಾಕು.

ಮಳೆ ಹಿಡಿದರೆ ನಮ್ಮ ಕಡೆ ಬೆಳಿಗ್ಗೆ ಮೊದಲು ನೋಡುವುದು ಪೇಪರಿನ ಜಲಾಶಯದ ಮಟ್ಟ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. "ಇದಕ್ಕೆ ಅಪವರ್ತನ ಹುಡುಕು" ಅಂದೆ. 2, 3, 5, 7, 11, ಯಾವುದೂ ಹೋಗಲಿಲ್ಲ. "ಅವಿಭಾಜ್ಯ ಸಂಖ್ಯೆ" ಅಂತ ಪೆನ್ಸಿಲ್ ಕೆಳಗಿಟ್ಟಳು. ನಾನೂ ಹೌದು ಅಂದೆ. ಟೀ ಕುಡಿಯುವಾಗ ಸಸಿ ಸಾಲು ನೆನಪಾಯಿತು. 43ನ್ನು 43ರಿಂದ ಗುಣಿಸಿದರೆ 1849. ಅಂದರೆ 41ರವರೆಗಿನ ಅವಿಭಾಜ್ಯಗಳನ್ನು ನೋಡದೆ ಬಿಡುವ ಹಾಗಿಲ್ಲ. ಮತ್ತೆ ಕೂತೆವು. 13ಕ್ಕೆ 12 ಉಳಿಯಿತು. 17ಕ್ಕೆ ಏನೂ ಉಳಿಯಲಿಲ್ಲ! 17 ಸಲ 107. ಭದ್ರಾ ಡ್ಯಾಮಿನ 186 ಅಡಿಯನ್ನು 2, 3, 31 ಅಂತ ಒಂದೇ ನಿಮಿಷಕ್ಕೆ ಒಡೆದಳು.

ಋಣ ಪೂರ್ಣಾಂಕ ಬಂದಾಗಲೂ ಡ್ಯಾಮೇ ಕೈಹಿಡಿಯಿತು. ಡ್ಯಾಂ ತುಂಬಿದ್ದನ್ನು ಸೊನ್ನೆ ಅಂತ ಇಟ್ಟುಕೊಂಡೆವು. ಒಂದು ಅಡಿ ಕಡಿಮೆ ಇದ್ದರೆ ಮೈನಸ್ ಒಂದು, ಅಂದರೆ 1818. ಮಗಳು ಅದನ್ನೇ ನೋಡಿ ಅಂಕಿ ಕೂಡಿಸಿದಳು. ಹದಿನೆಂಟು. ಒಂಬತ್ತರಿಂದ ಹೋಗುತ್ತೆ, ಸಮಸಂಖ್ಯೆ ಬೇರೆ. 18 ಸಲ 101.

"ಅಪ್ಪಯ್ಯ, ಒಂದಡಿ ಕಡಿಮೆ ಇದ್ರೇನೇ ಲೆಕ್ಕ ಸುಲಭ" ಅಂದಳು. ಡ್ಯಾಂ ತುಂಬಲಿ ಅಂತ ಕಾಯೋ ನಮ್ಮೂರಲ್ಲಿ ಈ ಮಾತು ಹೊರಗೆ ಆಡಬೇಡ ಮಗಾ ಅಂದೆ.